ಝಿನ್ನೆಬೀರ್, ಓರ್ವಾಲ್, ಡೆ ಕೋನಿಂಕ್: ನನ್ನ ದುಡ್ಡು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಝಿನ್ನೆಬೀರ್‌ಗೆ. ಬೆಲ್ಜಿಯಂನ ಲೂವೆನ್‌ಗೆ ಕೆಲಸಕ್ಕೆ ಬಂದ ಮೇಲೆ ಇಲ್ಲಿನ ಪೇಲ್ ಏಲ್ ಅನ್ನುವ ಬಗೆಯ ಬೀರ್‌ಗಳಲ್ಲಿ ನಾನು ಮತ್ತೆ ಮತ್ತೆ ಕೊಂಡಿದ್ದು ಈ ಮೂರನ್ನು. ಬೀರ್ ಪಟ್ಟಿಗಳಲ್ಲಿ ಮೂರನ್ನೂ ಒಂದೇ ಗುಂಪಿಗೆ ಸೇರಿಸಿರುತ್ತಾರೆ. ಕುಡಿದು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಬೆಂಗಳೂರಿನ ಬ್ರೂ ಪಬ್‌ಗಳಲ್ಲಿ ಬೆಲ್ಜಿಯನ್ ಅಂದರೆ ಗೋಧಿಯ ವಿಟ್‌ಬಿಯರ್, ಅದರಲ್ಲಿ ಧನಿಯಾ, ಕಿತ್ತಳೆ ಸಿಪ್ಪೆ. ಇಲ್ಲಿಗೆ ಬರುವ ಗೆಳೆಯರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಪೇಲ್ ಏಲ್ ಮೂಸುತ್ತಾರೆ. ಸ್ವಲ್ಪ ಲವಂಗ, ಸ್ವಲ್ಪ ಹಣ್ಣಿನ ವಾಸನೆ ಬಂದರೆ "ಏನು ಮಸಾಲೆ ಹಾಕಿದ್ದಾರೆ?" ಅಂತ ಕೇಳುತ್ತಾರೆ. ಈ ಮೂರರಲ್ಲಿ ಅಂಥದ್ದೇನೂ ಇಲ್ಲ. ಆ ಪರಿಮಳವೆಲ್ಲ ಯೀಸ್ಟ್ ಮಾಡುವ ಕೆಲಸ.

ಝಿನ್ನೆಬೀರ್ ಬ್ರಸೆಲ್ಸ್‌ನ ಬ್ರಾಸ್ಸರಿ ದ ಲಾ ಸೆನ್‌ನವರದು. 2002ರಲ್ಲಿ ಊರಿನ ಝಿನ್ನೆಕೆ ಮೆರವಣಿಗೆಗೆ ಅಂತ ಮಾಡಿದ್ದು, ಜನರಿಗೆ ಹಿಡಿಸಿ ಉಳಿದುಕೊಂಡಿತು. ಸೋಸುವುದಿಲ್ಲ, ಪಾಶ್ಚರೀಕರಣ ಇಲ್ಲ, ಬಾಟಲಿಯಲ್ಲೇ ಇನ್ನೊಂದು ಸಲ ಹುದುಗುತ್ತದೆ. ನಾನು ಗ್ಲಾಸನ್ನು ತಣ್ಣೀರಲ್ಲಿ ತೊಳೆದು ಒರೆಸದೆ ಹಾಗೇ ಹುಯ್ಯುತ್ತೇನೆ. ಎಣ್ಣೆ ಪಸೆ ಇದ್ದರೆ ನೊರೆ ಇಳಿದುಬಿಡುತ್ತದೆ. ಸರಿಯಾಗಿ ಹುಯ್ದರೆ ಎರಡು ಬೆರಳು ದಪ್ಪ ಬಿಳಿ ನೊರೆ, ಕೆಳಗೆ ಸ್ವಲ್ಪ ಮಸುಕಾದ ಬಂಗಾರದ ಬಣ್ಣ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದರೆ ಕಹಿ ಮಾತ್ರ ಗೊತ್ತಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಮೂಗಿಗೆ ಕಿತ್ತಳೆ, ಪೇರ್ ಹಣ್ಣು, ಆಮೇಲೆ ಬ್ರೆಡ್ಡು. ನುಂಗಿದ ಮೇಲೆ ನಾಲಿಗೆಯ ಹಿಂದೆ ಒಣ ಕಹಿ ನಿಲ್ಲುತ್ತದೆ. ಸಿಹಿ ಅಂಟಿಕೊಳ್ಳುವುದಿಲ್ಲ. ನನಗೆ ಬೇಕಾಗಿದ್ದು ಇಷ್ಟೇ.

ಇನ್ನು ತಲೆನೋವಿನ ವಿಷಯ. ಊರಾಚೆಯ ಒಂದು ಪಾನೀಯದ ಅಂಗಡಿಯಲ್ಲಿ ಇದೇ ಝಿನ್ನೆಬೀರ್ ಕ್ರೇಟ್ ರಿಯಾಯಿತಿಯಲ್ಲಿ ಸಿಕ್ಕಿತು. ಲೇಬಲ್ ಮೇಲಿನ ಕೊನೆಯ ತಾರೀಕಿಗೆ ಇನ್ನೂ ಸಾಕಷ್ಟು ಸಮಯವಿತ್ತು. ಮನೆಗೆ ತಂದು ತೆಗೆದೆ. ಸದ್ದು ಸರಿ, ನೊರೆ ಸರಿ, ಬಣ್ಣ ಮಾತ್ರ ಒಂದು ಛಾಯೆ ಕಪ್ಪು. ಮೂಗಿನ ಹತ್ತಿರ ತಂದರೆ ಮಳೆಯಲ್ಲಿ ನೆನೆದ ರಟ್ಟಿನ ವಾಸನೆ. ಹಣ್ಣಿನ ಪರಿಮಳ ಇರಬೇಕಾದ ಕಡೆ ಹಳೇ ಜೇನುತುಪ್ಪ. ಕಹಿ ಮೊಂಡಾಗಿತ್ತು. ಒಂದು ಬಾಟಲಿ ಕೆಟ್ಟಿರಬಹುದು ಅಂತ ಇನ್ನೊಂದು ತೆಗೆದೆ. ಅದೂ ಹಾಗೇ.

ವಾಪಸ್ ಹೋದಾಗ ಅಂಗಡಿಯ ಹಿಂಬದಿ ಕಣ್ಣಿಗೆ ಬಿತ್ತು. ತಗಡಿನ ಶೆಡ್ಡು, ಬೇಸಿಗೆಯ ಬಿಸಿಲು ಪೂರ್ತಿ ಅದರ ಮೇಲೆ, ಒಳಗೆ ಸೂರಿನವರೆಗೂ ಕ್ರೇಟುಗಳು. "ತಾರೀಕು ಮುಗಿದಿಲ್ಲವಲ್ಲ" ಅಂದರು ಅಂಗಡಿಯವರು. ಬೀರ್ ವಾಪಸ್ ತೆಗೆದುಕೊಳ್ಳುವುದಿಲ್ಲ, ಖಾಲಿ ಬಾಟಲಿ ತಂದರೆ ಡೆಪಾಸಿಟ್ ಕೊಡುತ್ತೇವೆ ಅಂದರು. ಅದು ಬೇರೆ ಬೇರೆ ಅಂಗಡಿಯಲ್ಲೂ ಸಿಗುವ ದುಡ್ಡು, ಇವರದ್ದೇನು ಉಪಕಾರ?

ಆದರೆ ತಾರೀಕಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ದಿನದವರೆಗೂ ಬೀರ್ ಕುಡಿಯಲು ಅಡ್ಡಿ ಇಲ್ಲ, ಹೊಟ್ಟೆ ಕೆಡುವುದಿಲ್ಲ. ರುಚಿ ಅಷ್ಟು ದಿನ ಕಾಯುವುದಿಲ್ಲ, ಅದೇ ತೊಂದರೆ. ಬಾಟಲಿಯೊಳಗೆ ಚೂರು ಆಮ್ಲಜನಕ ಇದ್ದೇ ಇರುತ್ತದೆ. ಶಾಖ ಸೇರಿದರೆ ಅದು ಬೇಗ ಕೆಲಸ ಮಾಡಿ ರಟ್ಟಿನ ವಾಸನೆ ತರುತ್ತದೆ, ಹಾಪ್ಸ್ (ಬೀರ್‌ಗೆ ಕಹಿ, ಪರಿಮಳ ಕೊಡುವ ಹೂವು) ಪರಿಮಳ ಮೊದಲು ಹೋಗುತ್ತದೆ. ಕಂದು ಗಾಜು ಬೆಳಕನ್ನು ತಡೆಯುತ್ತದೆ, ಶಾಖವನ್ನಲ್ಲ. ಹಾಪ್ಸ್ ಮೇಲೆ ನಿಂತಿರುವ ಝಿನ್ನೆಬೀರ್‌ನಂಥದ್ದಕ್ಕೆ ಹೊಡೆತ ಜಾಸ್ತಿ. ಈಗ ನಾನು ಕೊನೆಯ ತಾರೀಕು ಆದಷ್ಟು ದೂರ ಇರುವುದನ್ನು ಹುಡುಕಿ, ಬಿಡಿ ಬಾಟಲಿ ಕೊಳ್ಳುತ್ತೇನೆ. ಬ್ರಸೆಲ್ಸ್‌ನ ಟೂರ್ ಎ ಟ್ಯಾಕ್ಸಿ ಅನ್ನುವ ಪ್ರದೇಶದ ಕಡೆ ಇರುವ ಅವರ ಬ್ರೂವರಿಯಲ್ಲೇ ಒಂದು ಗ್ಲಾಸ್ ಕುಡಿದು, ಆ ಕ್ರೇಟಿನ ಬಾಟಲಿಯನ್ನು ನೆನೆಸಿಕೊಂಡರೆ ಎರಡೂ ಒಂದೇ ಬೀರ್ ಅಂತ ಯಾರೂ ನಂಬುವುದಿಲ್ಲ.

ಈ ವಿಷಯದಲ್ಲಿ ಓರ್ವಾಲ್‌ಗೆ ಪೂರ್ತಿ ಮಾರ್ಕ್ಸು. ಲೇಬಲ್ ಮೇಲೆ ಬಾಟಲಿಗೆ ತುಂಬಿದ ದಿನವನ್ನೇ ಹಾಕಿರುತ್ತಾರೆ, ಜೊತೆಗೆ ಐದು ವರ್ಷ ಮುಂದಿನ ಕೊನೆಯ ತಾರೀಕು. ಫ್ರಾನ್ಸ್ ಗಡಿಯ ಹತ್ತಿರದ ಟ್ರಾಪಿಸ್ಟ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ತಯಾರಾಗುವ ಬೀರ್ ಇದು. ಮಠದ ಬ್ರೂವರಿ ಶುರುವಾಗಿದ್ದು 1931ರಲ್ಲಿ. ಬಾಟಲಿಗೆ ತುಂಬುವಾಗ ಬ್ರೆಟ್ಟನೊಮೈಸಿಸ್ ಅನ್ನುವ ಕಾಡು ಯೀಸ್ಟ್ ಸೇರಿಸುತ್ತಾರೆ. ಅದು ತಿಂಗಳುಗಟ್ಟಲೆ ಉಳಿದ ಸಕ್ಕರೆ ತಿನ್ನುತ್ತಾ ಹೋಗುತ್ತದೆ. ಎಳೆಯದರಲ್ಲಿ ಹೂವಿನ ಪರಿಮಳ, ಚುರುಕು ಕಹಿ. ಆರು ತಿಂಗಳು ದಾಟಿದರೆ ಹಾಪ್ಸ್ ಹಿಂದೆ ಸರಿದು ಚರ್ಮ, ಒಣ ಹುಲ್ಲು, ಕುದುರೆ ಲಾಯದ ಘಾಟು ಬರುತ್ತದೆ. ಕೆಲವು ಕೆಫೆಗಳಲ್ಲಿ ಎಳೆಯದು ಬೇಕೋ ಹಳೆಯದು ಬೇಕೋ ಅಂತಲೇ ಕೇಳುತ್ತಾರೆ. ನನಗೆ ಮಧ್ಯದ್ದು ಇಷ್ಟ, ಮೂರು ನಾಲ್ಕು ತಿಂಗಳಿನದು. ನನ್ನ ಹೆಂಡತಿಗೆ ಯಾವ ವಯಸ್ಸಿನದೂ ಬೇಡ. ಒಂದು ಗುಟುಕು ಕುಡಿದು "ಇದು ಹುಳಿ ಬಂದಿದೆ ಕಣ್ರೀ" ಅಂತ ಗ್ಲಾಸ್ ಈಚೆ ತಳ್ಳಿದಳು.

ಓರ್ವಾಲ್‌ನ ಸಮಸ್ಯೆ ಸಿಗುವುದು. ಎಷ್ಟೋ ವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಅದರ ಜಾಗ ಖಾಲಿ. ಸಿಕ್ಕಾಗ ಬೆಲೆಯೂ ಮೂರರಲ್ಲಿ ಮೇಲೆ. ಆಲ್ಕೋಹಾಲ್ 6.2 ಪರ್ಸೆಂಟ್ ಅಂತ ಬರೆದಿದ್ದರೂ ಬಾಟಲಿಯಲ್ಲೇ ಇನ್ನಷ್ಟು ಏರುತ್ತದೆ, ಮಾರನೇ ದಿನ ಆಫೀಸಿದ್ದರೆ ಒಂದೇ ಸಾಕು.

ಡೆ ಕೋನಿಂಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಟ್‌ವರ್ಪ್‌ನ ಬೀರ್, ತಾಮ್ರದ ಬಣ್ಣ, ಬಿಸ್ಕತ್ತಿನ ರುಚಿ, ಕಹಿ ಕಮ್ಮಿ. ಅಲ್ಲಿನ ಕೆಫೆಯಲ್ಲಿ ಬೊಲ್ಲೆಕೆ ಅಂತ ಕೇಳಿದರೆ ದುಂಡು ಗ್ಲಾಸಿನಲ್ಲಿ ನಲ್ಲಿಯಿಂದ ಹಿಡಿದು ಕೊಡುತ್ತಾರೆ, ಚೆನ್ನಾಗಿರುತ್ತದೆ. ಬಾಟಲಿಯಲ್ಲಿ ಯಾಕೋ ಸಪ್ಪೆ. ಆದರೆ ಒಂದು ಕಡೆ ಇದು ಗೆದ್ದಿತು. ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೋಳಿ ಸುಕ್ಕ ಮಾಡಿದ ದಿನ ಝಿನ್ನೆಬೀರ್‌ನ ಕಹಿ ಖಾರವನ್ನು ಇನ್ನೂ ಎಬ್ಬಿಸಿತು, ಓರ್ವಾಲ್ ಅಂತೂ ಬಾಯಿ ಉರಿಸಿತು. ಡೆ ಕೋನಿಂಕ್‌ನ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ ಮಾತ್ರ ಸಮಾಧಾನ ಮಾಡಿತು. ನಿಪ್ಪಟ್ಟು, ಹುರಿದ ಕಡ್ಲೆಬೀಜಕ್ಕೆ ಝಿನ್ನೆಬೀರೇ ಸರಿ.

ನಾನು ಶುಕ್ರವಾರ ರಾತ್ರಿ ಒಂದು, ಹೆಚ್ಚೆಂದರೆ ಎರಡು ಕುಡಿಯುವವನು. ಮನೆಯಲ್ಲಿ ತಂಪು ನೆಲಮಾಳಿಗೆ ಇಲ್ಲ, ಹಾಗಾಗಿ ಕ್ರೇಟಿನ ಉಳಿತಾಯ ನನಗೆ ಉಳಿತಾಯವೇ ಅಲ್ಲ. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಆರು ಝಿನ್ನೆಬೀರ್, ಪಕ್ಕದಲ್ಲಿ ಸಿಕ್ಕರೆ ಎರಡು ಓರ್ವಾಲ್. ನೆಲಮಾಳಿಗೆ ಇರುವವರು, ಕಾಯುವ ತಾಳ್ಮೆ ಇರುವವರು ಈ ಲೆಕ್ಕ ತಿರುಗಿಸಿಕೊಳ್ಳಬಹುದು. ಓರ್ವಾಲ್ ಸಿಗದ ವಾರ ನನಗೆ ಬೇಜಾರಿಲ್ಲ. ಒಳ್ಳೇ ಝಿನ್ನೆಬೀರ್ ಸಿಗದಿದ್ದರೆ ಬ್ರಸೆಲ್ಸ್‌ಗೆ ರೈಲು ಹತ್ತುತ್ತೇನೆ, ಅರ್ಧ ಗಂಟೆಯೂ ಇಲ್ಲ.