ಉಡುಪಿಯ ಫಿಸಿಯೋಥೆರಪಿ ಕೇಂದ್ರ: ಸೊಂಟದ ಜತೆಗೆ ಕೆಲಸವನ್ನೂ ವಿಚಾರಿಸಿದವರು

ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಯೊಂದರ ಗ್ರೇಡಿಂಗ್ (ಗಾತ್ರ ನೋಡಿ ಬೀಜ ಆರಿಸುವ) ವಿಭಾಗದಲ್ಲಿ ಮೇಲ್ವಿಚಾರಕಿಯಾಗಿರುವ ನಾನು ಸೊಂಟನೋವಿಗೆಂದು ಈ ಕೇಂದ್ರದ ಮೆಟ್ಟಿಲು ಹತ್ತಿದ್ದು ರಜೆ ಹಾಕಿದ ಹತ್ತನೆಯ ದಿನ. ಅದಕ್ಕೂ ಮೊದಲು ತೋರಿಸಿದ್ದ ವೈದ್ಯರು ಮಾತ್ರೆ ಬರೆದು, ಒಂದು ತಿಂಗಳ ವಿಶ್ರಾಂತಿಯ ಚೀಟಿ ಕೊಟ್ಟು ಕಳುಹಿಸಿದ್ದರು. ನೀವೇನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ಮಲಗಿದಷ್ಟೂ ಸೊಂಟ ಹಿಡಿದುಕೊಳ್ಳುತ್ತಿತ್ತು, ಇನ್ನು ಆ ಮೇಜಿನ ಮುಂದೆ ಕೂರಲು ನನ್ನಿಂದಾಗದು ಎಂಬ ಭಯವೂ ಬೆಳೆಯುತ್ತಿತ್ತು.

ಮೊದಲ ಭೇಟಿಗೆ ಒಂದು ಗಂಟೆ ಹಿಡಿಯಿತು. ಕಾಲು ಮರಗಟ್ಟುತ್ತದೆಯೇ, ಮೂತ್ರಕ್ಕೆ ತೊಂದರೆಯಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ ಎಂದೆಲ್ಲ ಮೊದಲು ವಿಚಾರಿಸಿ, ಗಂಭೀರ ಕಾಯಿಲೆಯ ಲಕ್ಷಣಗಳಿಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ 'ಸ್ಟಾರ್ಟ್ ಬ್ಯಾಕ್' ಎಂಬ 9 ಪ್ರಶ್ನೆಗಳ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿ ನನ್ನ ಉತ್ತರಗಳನ್ನು ಗುರುತು ಹಾಕಿಕೊಂಡರು. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಈ ಹಾಳೆಯಿಂದ ತಿಳಿಯುವುದು ನೋವು ಬಹುಕಾಲ ಕಾಡುವ ಅಪಾಯ ಎಷ್ಟಿದೆ ಎಂಬುದು. ನನಗೆ ಬಂದದ್ದು 5 ಅಂಕ, ಮಧ್ಯಮ ಅಪಾಯ. ಆದರೆ ಆ ಒಂಬತ್ತರಲ್ಲಿ ಒಂದು ಪ್ರಶ್ನೆಯೂ ಉದ್ಯೋಗದ ಬಗ್ಗೆ ಇಲ್ಲ. ಆ ಕೊರತೆಯನ್ನು ತುಂಬಲೆಂದೇ ಇಲ್ಲಿ ಉದ್ಯೋಗ ಸಲಹೆ, ಅಂದರೆ ನೋವಿದ್ದರೂ ಕೆಲಸಕ್ಕೆ ಮರಳುವ ದಾರಿ ಹುಡುಕಿಕೊಡುವ ಸಲಹೆ, ನೀಡುವ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ. ವ್ಯಾಯಾಮಗಳು ಎಲ್ಲ ಕಡೆ ಸಿಗುವಂಥವೇ ಆದ್ದರಿಂದ ನಾನು ಬರೆಯುತ್ತಿರುವುದು ಮುಖ್ಯವಾಗಿ ಇವರ ಕೆಲಸದ ಕುರಿತು.

"ಅಕ್ಕ, ಮತ್ತೆ ಅದೇ ಕೆಲಸಕ್ಕೆ ಹೋಗಲು ಆಗುತ್ತದೆ ಎಂದು ನಿಮಗೆ ಅನ್ನಿಸುತ್ತದೆಯೇ? ರಜೆ ಹಾಕಿದ ಮೇಲೆ ಧಣಿಗಳ ಹತ್ತಿರ ಮಾತಾಡಿದ್ದೀರಾ?" ಎಂದು ಅವರು ಕೇಳಿದಾಗ ಎರಡಕ್ಕೂ ಇಲ್ಲವೆಂದೆ. ಚೀಟಿಯನ್ನು ನನ್ನ ತಂಗಿಯ ಮಗ ಕೊಟ್ಟು ಬಂದಿದ್ದ, ಅಷ್ಟೇ. ಆಗ ಅವರು ಒಳಗಿನಿಂದ ಸ್ಟೀಲಿನ ತಟ್ಟೆಯೊಂದನ್ನು ತಂದು, ಅದರ ತುಂಬ ನೆಲಗಡಲೆ ಹರಡಿ, ಕಾರ್ಖಾನೆಯಲ್ಲಿ ಆರಿಸುವ ಹಾಗೆಯೇ ಆರಿಸಿ ತೋರಿಸಿ ಎಂದರು. ನಮ್ಮಲ್ಲಿ ಡಬ್ಲ್ಯೂ 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ. 240ಕ್ಕೂ 320ಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಹಿಡಿಯಬೇಕಾದ್ದರಿಂದ ತಲೆ ತಾನಾಗಿಯೇ ಮೇಜಿನತ್ತ ಬಾಗುತ್ತದೆ. ಆರು ನಿಮಿಷ ಕಳೆದ ಮೇಲೆ, ಅಷ್ಟೂ ಹೊತ್ತು ನನ್ನ ಸೊಂಟ ಒಂದಿಷ್ಟೂ ಅಲುಗಲಿಲ್ಲವೆಂದು ಅವರು ಗಡಿಯಾರ ತೋರಿಸಿದರು. ಬಳಿಕ ನೆಲದಿಂದ ಅಕ್ಕಿಚೀಲ ಎತ್ತಿಸಿದರು. ಕಾರ್ಖಾನೆಯಲ್ಲಿ ನಾನು ಎತ್ತುವುದು 11.34 ಕೆ.ಜಿ.ಯ ತಗಡಿನ ಡಬ್ಬಿಗಳನ್ನು. ಭಾರದ್ದೇ ತಪ್ಪೆಂದು ನಾನು ತಿಳಿದಿದ್ದೆ. ಗಂಟೆಗಟ್ಟಲೆ ಕೂತು ಎದ್ದ ಕೂಡಲೇ ನೆಲದವರೆಗೆ ಬಾಗಿ ಎತ್ತುವಾಗಲೇ ನನಗೆ ನೋವಾಗುವುದು ಎಂಬುದನ್ನು ಅವರು ಕಂಡುಕೊಂಡರು.

ನನ್ನ ಒಪ್ಪಿಗೆ ಪಡೆದು, ನನ್ನೆದುರಿಗೇ ಧಣಿಗಳಿಗೆ ಫೋನ್ ಮಾಡಿದರು. "ಪೂರ್ತಿ ಗುಣವಾದ ಮೇಲೆ ಬರಲಿ, ಇಲ್ಲಿ ಹೆಚ್ಚುಕಮ್ಮಿಯಾದರೆ ನಮ್ಮ ತಲೆಗೆ" ಎಂಬುದು ಅವರ ಮೊದಲ ಉತ್ತರ. ಸಲಹೆಗಾರರು ವಾದಕ್ಕಿಳಿಯದೆ, ಡಬ್ಬಿಗಳನ್ನು ಸೊಂಟದೆತ್ತರದ ಬೆಂಚಿನ ಮೇಲೆ ಇಡಿಸಬಹುದೇ, ತೂಕದ ಪಟ್ಟಿಯನ್ನು ಅರ್ಧ ಗಂಟೆಗೊಮ್ಮೆ ಆಫೀಸಿಗೆ ಒಯ್ಯುವ ಕೆಲಸವನ್ನು ಇವರಿಗೇ ಕೊಡಬಹುದೇ, ಮೊದಲ ವಾರ ಅರ್ಧ ದಿನದ ಕೆಲಸ ಸಾಕೇ ಎಂದು ಒಂದೊಂದಾಗಿ ಕೇಳಿದರು. ಬೆಂಚಿನ ವಿಷಯ ಎರಡೇ ನಿಮಿಷದಲ್ಲಿ ಇತ್ಯರ್ಥವಾಯಿತು. ಹದಿನೇಳನೆಯ ದಿನ ನಾನು ಮೇಜಿನ ಮುಂದಿದ್ದೆ. ನೋವು ಪೂರ್ತಿ ಹೋಗಿರಲಿಲ್ಲ, ಭಯ ಹೋಗಿತ್ತು.

ಈ ಪದ್ಧತಿಯನ್ನೂ ಕೀಲ್‌ನವರು ಪರೀಕ್ಷಿಸಿ ನೋಡಿದ್ದಾರೆ. ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಲ್ಲೇ ಉದ್ಯೋಗ ಸಲಹೆಯನ್ನೂ ಕೊಡಿಸಿದ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೊದಲ 4 ತಿಂಗಳಲ್ಲಿ ಸಲಹೆ ಪಡೆದವರ ರಜೆ ಸರಾಸರಿ ಸುಮಾರು 9 ದಿನ, ಪಡೆಯದವರದು ಸುಮಾರು 14 ದಿನ.

ಈಗ ದೂರುಗಳು. ಇಎಸ್‌ಐ (ನೌಕರರ ರಾಜ್ಯ ವಿಮೆ) ಯೋಜನೆಯಲ್ಲಿ ಕಾಯಿಲೆ ರಜೆಗೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಆದರೆ ಕೆಲಸ ಮಾಡಿದ ದಿನಕ್ಕೆ ಆ ಹಣವಿಲ್ಲ. ಅರ್ಧ ದಿನ ದುಡಿದು ಅರ್ಧ ಸಂಬಳ ಪಡೆದ ನನಗೆ ಆ ವಾರ ಮನೆಯಲ್ಲಿ ಮಲಗಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಸಿಕ್ಕಿತು. ಬ್ರಿಟನ್ನಿನ ವೈದ್ಯರ ಚೀಟಿಯಲ್ಲಿ 2010ರಿಂದ 'ಇಂತಿಂಥ ಬದಲಾವಣೆ ಮಾಡಿಕೊಟ್ಟರೆ ಕೆಲಸ ಮಾಡಬಹುದು' ಎಂದು ಬರೆಯಲು ಅವಕಾಶವಿದೆಯಂತೆ. ನಮ್ಮ ಚೀಟಿಗೆ ಗೊತ್ತಿರುವುದು ರಜೆ ಅಥವಾ ಹಾಜರಿ. ನಿಯಮ ಇವರ ಕೈಯಲ್ಲಿಲ್ಲ ನಿಜ, ಆದರೆ ಅರ್ಧ ದಿನದ ಯೋಜನೆ ಹಾಕಿಕೊಡುವವರು ಈ ಲೆಕ್ಕವನ್ನು ಮುಂಚೆಯೇ ಹೇಳಬೇಕಿತ್ತು. ನನಗೆ ಗೊತ್ತಾದದ್ದು ಸಂಬಳದ ಚೀಟಿ ನೋಡಿದ ಮೇಲೆ.

ಕಾರ್ಖಾನೆಗೆ ಬರೆದ ಪತ್ರ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಕನ್ನಡದಲ್ಲಿ ಕೊಟ್ಟರು, ಆದರೂ 'ಲಂಬಾರ್ ಫ್ಲೆಕ್ಷನ್' (ಸೊಂಟ ಮುಂದಕ್ಕೆ ಬಾಗುವುದು) ಹಾಗೆಯೇ ಉಳಿದಿತ್ತು. ನಮ್ಮ ರೈಟರು ಅದರ ಅರ್ಥವನ್ನು ನನ್ನನ್ನೇ ಕೇಳಿದರು. ಉದ್ಯೋಗ ಸಲಹೆಗೆ ಪ್ರತ್ಯೇಕವಾಗಿ 600 ರೂಪಾಯಿ ಕೊಡಬೇಕು, ಮತ್ತು ಆ ಸಲಹೆಗಾರರು ಭಾನುವಾರ ಸಿಗುವುದಿಲ್ಲ. ಬೈಲೂರು, ಹಿರಿಯಡ್ಕದ ಮೇಲೆ ಬಸ್ಸಿನಲ್ಲಿ ಬರುವವರು ಹಿಂದಿನ ಸೀಟು ಹಿಡಿಯಬೇಡಿ; ಹೊರಡುವ ಮುನ್ನ ಕೂರುವ ಸ್ಟೂಲಿನ ಎತ್ತರವನ್ನು ಅಳೆದುಕೊಂಡು ಬನ್ನಿ, ಅವರು ಕೇಳಿಯೇ ಕೇಳುತ್ತಾರೆ.