ಬೊನೇರ್ ದಡವೋ, ಕ್ಯುರಸಾವ್ ಕೊಲ್ಲಿಯೋ?

ಕೆರಿಬಿಯನ್‌ನಲ್ಲಿ ಸ್ನಾರ್ಕೆಲಿಂಗ್‌ಗೆಂದೇ (ಮುಖಕ್ಕೆ ಕನ್ನಡಕ, ಬಾಯಿಗೆ ಉಸಿರುಗೊಳವೆ ಹಾಕಿ ತೇಲುತ್ತ ಕಡಲೊಳಗನ್ನು ನೋಡುವುದು) ಹೋಗುವವರು ಕೋಣೆಯ ಬಾಲ್ಕನಿಗಿಂತ ಮೊದಲು ನೀರಿಗಿಳಿಯುವ ಮೆಟ್ಟಿಲನ್ನು ನೋಡಬೇಕು. ‘ಸಮುದ್ರಾಭಿಮುಖ’ ಎಂಬ ಮಾತಿಗೆ ಮರುಳಾಗಬೇಡಿ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಕ್ಕೆ ಎದುರಾದ ದಡದಲ್ಲಿ ನೋಟ ಸೊಗಸು, ಈಜು ಅಪಾಯ. ಬೊನೇರ್, ಕ್ಯುರಸಾವ್ ಎರಡೂ ದ್ವೀಪಗಳಲ್ಲಿ ಪಶ್ಚಿಮದ ಮರೆಯ ಕರಾವಳಿಯೇ ಸರಿ.

ಬೊನೇರ್‌ನಲ್ಲಿ ಹವಳದ ದಿಬ್ಬ ದಡಕ್ಕೆ ಅಂಟಿಕೊಂಡೇ ಇದೆ. 1979ರಲ್ಲಿ ಸ್ಥಾಪನೆಯಾದ ಸಾಗರ ಉದ್ಯಾನ ದ್ವೀಪವನ್ನು ಸುತ್ತುವರಿದಿದ್ದು, 60 ಮೀಟರ್ ಆಳದವರೆಗಿನ ನೀರು ಅದರ ರಕ್ಷಣೆಯಲ್ಲಿದೆ. ದಡದ ಎಷ್ಟೋ ವಸತಿಗಳಿಗೆ ಸ್ವಂತ ಕಟ್ಟೆ, ಏಣಿ ಇವೆ. ಬೆಳಗಿನ ಕಾಫಿಗೆ ಮೊದಲೇ ಒಮ್ಮೆ ಮುಳುಗಿ ಗಿಳಿಮೀನುಗಳನ್ನು ನೋಡಿ ಬರಬಹುದು, ದೋಣಿಯ ಹಂಗಿಲ್ಲ. ಸಾಲದೆನಿಸಿದರೆ ಎದುರಿಗಿರುವ ಪುಟ್ಟ ದ್ವೀಪ ಕ್ಲೈನ್ ಬೊನೇರ್‌ಗೆ ವಾಟರ್ ಟ್ಯಾಕ್ಸಿ ಇದೆ. ಆದರೆ ಮರಳು ಕಡಿಮೆ. ಹವಳದ ಚೂರುಗಳ ಮೇಲೆ ಬರಿಗಾಲಲ್ಲಿ ನಡೆಯುವುದು ಶಿಕ್ಷೆ. ಉದ್ಯಾನದ ಪ್ರವೇಶ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕ್ಯುರಸಾವ್‌ನ ಪಶ್ಚಿಮ ತುದಿಯ ವೆಸ್ಟ್‌ಪುಂಟ್ ಕಡೆ ಬಂಡೆಗಳ ನಡುವೆ ಪುಟ್ಟ ಮರಳ ಕೊಲ್ಲಿಗಳಿವೆ. ಪ್ಲಾಯಾ ಲಾಗುನ್ ನನಗೆ ಮೆಚ್ಚಿನದು: ಮೇಲೆ ಬಾಡಿಗೆ ಮನೆಗಳು, ಕೆಳಗೆ ಮೀನುಗಾರರ ದೋಣಿಗಳು, ಬಂಡೆಯ ಅಂಚಿನಲ್ಲೇ ಮೀನುಗಳು. ಪ್ಲಾಯಾ ಪಿಸ್ಕಾಡೊದಲ್ಲಿ ಮೀನು ಹಸನು ಮಾಡುವ ಹೊತ್ತಿಗೆ ಕಡಲಾಮೆಗಳು ಬರುತ್ತವೆ. ಕಾರು ಮಾತ್ರ ಬೇಕೇಬೇಕು.

ಈಜು ಬಾರದ ಹಿರಿಯರು, ಮಕ್ಕಳು ಜೊತೆಗಿದ್ದರೆ ಕ್ಯುರಸಾವ್. ದಿನಕ್ಕೆ ಮೂರು ಬಾರಿ ನೀರಿಗಿಳಿಯುವ ಹುಚ್ಚಿದ್ದರೆ, ನನ್ನಂತೆ, ಬೊನೇರ್.