ಓಪನ್‌ಮಾಡೆಲಿಕಾ: ರಾಯಚೂರಿನ ರೈಸ್ ಮಿಲ್ ಕೆಲಸಕ್ಕೆ ಹೇಗಿದೆ?

ರಾಯಚೂರು ಸುತ್ತಮುತ್ತಲಿನ ರೈಸ್ ಮಿಲ್‌ಗಳಿಗೆ ಸೋಲಾರ್, ಜನರೇಟರ್, ಬಾಯ್ಲರ್ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಅದಕ್ಕೆ ಕೆಲವು ವರ್ಷಗಳಿಂದ ಓಪನ್‌ಮಾಡೆಲಿಕಾ ಬಳಸುತ್ತಿದ್ದೇನೆ. ಯಂತ್ರಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ಸಮೀಕರಣಗಳ ಮೂಲಕ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ (ಸಿಮ್ಯುಲೇಶನ್) ಸಾಧನ ಇದು. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರಾಂಶ, ಪೂರ್ತಿ ಉಚಿತ. ಮುಕ್ತ ತಂತ್ರಾಂಶಗಳ ಬಳಕೆ ಹರಡುವ ಐಐಟಿ ಬಾಂಬೆಯ ಫಾಸ್ಸಿ ತಂಡದಿಂದ ಕಲಿಯುವ ಸಾಮಗ್ರಿಯೂ ಸಿಗುತ್ತದೆ.

ಎಕ್ಸೆಲ್ ಸಾಕಲ್ವಾ ಅಂತ ಮಾಲೀಕರು ಕೇಳುತ್ತಾರೆ. ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ ಅನ್ನೋಕೆ ಸಾಕು. ಆದರೆ ಮಿಲ್ಲಿನಲ್ಲಿ ತೊಂದರೆ ಬರುವುದು ಮೋಟಾರ್ ಚಾಲೂ ಆಗುವ ಆ ಕೆಲವು ಸೆಕೆಂಡಿನಲ್ಲಿ. ದೊಡ್ಡ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಫುಲ್ ಲೋಡಿನ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್-ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಚಾಲೂ ಮಾಡಿ, ಆಮೇಲೆ ಪೂರ್ತಿ ವೋಲ್ಟೇಜಿಗೆ ಬದಲಿಸುವ ಸ್ಟಾರ್ಟರ್) ಹಾಕಿದರೆ ಲೈನ್ ಕರೆಂಟ್ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಜನರೇಟರ್ ವೋಲ್ಟೇಜ್ ಎಷ್ಟು ಕುಸಿಯಿತು, ಎಷ್ಟು ಹೊತ್ತಿಗೆ ಮೇಲೆದ್ದಿತು ಅನ್ನುವುದು ಓಪನ್‌ಮಾಡೆಲಿಕಾದ ಗ್ರಾಫಿನಲ್ಲಿ ಕಾಣುತ್ತದೆ. ಆ ಗೆರೆ ನೋಡಿದ ಮೇಲೆ ದೊಡ್ಡ ಜನರೇಟರ್ ಬೇಕೋ ಬೇಡವೋ ಅನ್ನೋ ಚರ್ಚೆ ಬೇಗ ಮುಗಿಯುತ್ತದೆ.

ನನಗೆ ಇದರ ಮೇಲೆ ಪ್ರೀತಿ ಹುಟ್ಟಿಸಿದ್ದು ಇನ್ನೊಂದು. ಭೌತಶಾಸ್ತ್ರದ ಸಮೀಕರಣವನ್ನು ಇದ್ದ ಹಾಗೇ ಬರೆದರೆ ಸಾಕು. ಯಾವುದು ಗೊತ್ತು, ಯಾವುದನ್ನು ಬಿಡಿಸಬೇಕು ಅಂತ ಅದೇ ಜೋಡಿಸಿಕೊಳ್ಳುತ್ತದೆ. ಮೋಟಾರ್ ಆಟ ಸೆಕೆಂಡುಗಳದ್ದು, ಭತ್ತ ನೆನೆಸುವ ಬಿಸಿನೀರಿನ ತೊಟ್ಟಿ ತಣ್ಣಗಾಗುವುದು ಗಂಟೆಗಟ್ಟಲೆ. ಎರಡನ್ನೂ ಒಂದೇ ಮಾಡೆಲ್‌ನಲ್ಲಿ ಇಡಬಹುದು. ಸಮೀಕರಣ ಬಿಡಿಸಲು ತಾನಾಗಿ ಬರುವ ಲೆಕ್ಕದ ವಿಧಾನ (ಡೀಫಾಲ್ಟ್ ಸಾಲ್ವರ್) ಡ್ಯಾಸಲ್, ಸಮಯದಲ್ಲಿ ಬೇಕಾದ ಕಡೆ ಸಣ್ಣ ಹೆಜ್ಜೆ, ಉಳಿದ ಕಡೆ ದೊಡ್ಡ ಹೆಜ್ಜೆ ಇಡುತ್ತದೆ.

ನಮ್ಮೂರಿನ ಬಿಸಿಲನ್ನೂ ಮರೆಯಬೇಡಿ. ಪ್ಯಾನೆಲ್ ರೇಟಿಂಗ್ ಕೊಡುವುದು 25 ಡಿಗ್ರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಹೋದರೆ, ಡಿಗ್ರಿಗೆ ಶೇ 0.4ರಂತೆ ಶೇ 16ರಷ್ಟು ವಿದ್ಯುತ್ ಕೈಬಿಟ್ಟ ಹಾಗೆ. ಇದನ್ನು ಮಾಡೆಲ್‌ಗೆ ಒಂದೇ ಸಾಲಿನಲ್ಲಿ ಸೇರಿಸಬಹುದು.

ಬೇಸರ ತರಿಸುವುದು ಎರರ್ ಸಂದೇಶ. ಸಮೀಕರಣ ಇಷ್ಟು, ಚರಾಂಶ ಇಷ್ಟು, ತಾಳೆಯಾಗುತ್ತಿಲ್ಲ ಅಂತ ಹೇಳುತ್ತದೆ. ಮಾಡೆಲ್‌ನಲ್ಲಿ ಯಾವ ತಂತಿ ಜೋಡಿಸುವುದು ಬಿಟ್ಟುಹೋಗಿದೆ ಅಂತ ಹೇಳುವುದಿಲ್ಲ. ಆರಂಭದ ಬೆಲೆಗಳು ಸರಿ ಇಲ್ಲದಿದ್ದರೆ ಸಿಮ್ಯುಲೇಶನ್ ಸೊನ್ನೆ ಸೆಕೆಂಡಿನಲ್ಲೇ ನಿಲ್ಲುತ್ತದೆ. ಮಾಡೆಲ್ ದೊಡ್ಡದಾದರೆ ಕಂಪೈಲ್ ಆಗೋಕೆ ಟೀ ಕುಡಿದು ಬರುವಷ್ಟು ಹೊತ್ತು.

ಹೊಸಬರು ಸುಮ್ನೆ ಖಾಲಿ ಪುಟದಿಂದ ಶುರು ಮಾಡಬೇಡಿ. ಸಿದ್ಧ ಮಾಡೆಲ್‌ಗಳ ಸಂಗ್ರಹವಾದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಂಡಕ್ಷನ್ ಮೋಟಾರಿನ ಸ್ಟಾರ್-ಡೆಲ್ಟಾ ಉದಾಹರಣೆ ಇದೆ. ಅದನ್ನು ಕಾಪಿ ಮಾಡಿ ನಿಮ್ಮ ಮೋಟಾರ್ ಅಂಕಿ ಹಾಕಿ ನೋಡಿ.